ಹಲ್ಲಿನ ಕಲೆ, ಬಾವಿಯ ನೀರು: ನಲ್ಗೊಂಡದ ಕಥೆ

ಎಲ್.ಬಿ. ನಗರ ದಾಟಿ ವಿಜಯವಾಡದ ಹೆದ್ದಾರಿ ಹಿಡಿದರೆ ನಲ್ಗೊಂಡ ಸುಮಾರು ನೂರು ಕಿಲೋಮೀಟರ್. ವೈದ್ಯಕೀಯ ಸಾಹಿತ್ಯದಲ್ಲಿ ಈ ಊರಿನ ಹೆಸರು ಎರಡು ಕಡೆ ಸಿಗುತ್ತದೆ. ಒಂದು ಕಾಯಿಲೆಯ ಜೊತೆ, ಇನ್ನೊಂದು ಅದರ ಪರಿಹಾರದ ಜೊತೆ. ಕಾಯಿಲೆ ಫ್ಲೋರೋಸಿಸ್. ಪರಿಹಾರಕ್ಕೆ ‘ನಲ್ಗೊಂಡ ವಿಧಾನ’ ಎಂದೇ ಹೆಸರು.

ಕಥೆ ಶುರುವಾಗುವುದು ಹಲ್ಲಿನಿಂದ, ಅದೂ ದೂರದ ಅಮೆರಿಕದಲ್ಲಿ. 1901ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ಕಂದು ಕಲೆ ಕಂಡ. ನೀರಿನಲ್ಲೇ ಏನೋ ಇದೆ ಎಂದು ಅವನಿಗೆ ಅನುಮಾನ. ಅದು ಫ್ಲೋರೈಡ್ ಎಂದು ಖಚಿತವಾಗಲು 1931ರವರೆಗೆ ಕಾಯಬೇಕಾಯಿತು; ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ಅದನ್ನು ಪತ್ತೆ ಮಾಡಿದ. ಹಲ್ಲಿನ ಮೇಲ್ಪದರ ರೂಪುಗೊಳ್ಳುವುದು ಬಾಲ್ಯದಲ್ಲಿ. ಆ ವರ್ಷಗಳಲ್ಲಿ ಕುಡಿದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಮೂಡುವ ಕಲೆ ಆಮೇಲೆ ಎಲ್ಲಿಗೆ ವಲಸೆ ಹೋದರೂ ಉಳಿಯುತ್ತದೆ. ದೊಡ್ಡವರಾದ ಮೇಲೆ ಆ ಊರಿಗೆ ಬಂದವರ ಹಲ್ಲಿಗೆ ಏನೂ ಆಗುವುದಿಲ್ಲ. ಅಂದರೆ ಹುಟ್ಟೂರಿನ ಬಾವಿಯ ಲೆಕ್ಕ ನಮ್ಮ ಬಾಯಲ್ಲೇ ಬರೆದಿರುತ್ತದೆ.

ಅಮೆರಿಕದಲ್ಲಿ ಈ ಸಂಶೋಧನೆ ಬೇರೆ ದಾರಿ ಹಿಡಿಯಿತು. ಅಲ್ಪ ಪ್ರಮಾಣದ ಫ್ಲೋರೈಡ್ ಹುಳುಕು ತಡೆಯುತ್ತದೆ ಎಂದು ಗೊತ್ತಾಗಿ, 1945ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ತನ್ನ ನೀರಿಗೆ ಫ್ಲೋರೈಡ್ ಬೆರೆಸಲು ಶುರುಮಾಡಿತು. ನಮ್ಮ ಕಡೆಯ ಕಥೆ ತಿರುಗುಮುರುಗು. 1937ರಲ್ಲಿ ಎಚ್. ಇ. ಶಾರ್ಟ್ ಮತ್ತು ಸಂಗಡಿಗರು ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ವರದಿ ಮಾಡಿದ್ದು ಹಲ್ಲಿನ ಕಲೆಯನ್ನಷ್ಟೇ ಅಲ್ಲ, ಬಗ್ಗದ ಬೆನ್ನನ್ನು, ಸೆಟೆದ ಕುತ್ತಿಗೆಯನ್ನು. ವರ್ಷಗಟ್ಟಲೆ ಆ ನೀರು ಕುಡಿದವರ ಮೂಳೆಗಳಲ್ಲಿ ಫ್ಲೋರೈಡ್ ಸೇರಿಕೊಂಡು, ಕೀಲುಗಳು ಬಿಗಿದು, ಕೊನೆಗೆ ಬೆನ್ನುಹುರಿಯೇ ಅದುಮಿಹೋಗುತ್ತಿತ್ತು. 1955ರಲ್ಲಿ ಎ. ಎಚ್. ಸಿದ್ದಿಕಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಲೇಖನ, ಹೈದರಾಬಾದ್ ರಾಜ್ಯದ ನಲ್ಗೊಂಡ ಜಿಲ್ಲೆಯ ಇಂಥದೇ ರೋಗಿಗಳನ್ನು ಜಗತ್ತಿನ ಮುಂದಿಟ್ಟಿತು.

ಇಷ್ಟು ಫ್ಲೋರೈಡ್ ಬರುವುದು ಎಲ್ಲಿಂದ? ಕಾರ್ಖಾನೆಯಿಂದಲ್ಲ, ಕಲ್ಲಿನಿಂದ. ದಖ್ಖನಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಬಯೋಟೈಟ್‌ನಂಥ ಖನಿಜಗಳಿವೆ. ಮಳೆ ಕಡಿಮೆಯಾಗಿ, ನೀರು ಕ್ಷಾರೀಯವಾಗಿ, ಅದರಲ್ಲಿ ಸುಣ್ಣದ ಅಂಶ ಇಳಿದ ಕಡೆ ಫ್ಲೋರೈಡ್ ಸುಲಭವಾಗಿ ಕರಗುತ್ತದೆ. ಕಲ್ಲಿಗೆ ಜಿಲ್ಲೆ, ರಾಜ್ಯ, ಭಾಷೆಯ ಗಡಿ ಇಲ್ಲ. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದು ನಲ್ಗೊಂಡ ಆಂಧ್ರಕ್ಕೆ, ರಾಯಚೂರು, ಗುಲ್ಬರ್ಗ, ಬೀದರ್ ಮೈಸೂರಿಗೆ ಸೇರಿದವು. ಕಡತಗಳು ಬೇರೆಯಾದವು, ಬಾವಿಯ ನೀರು ಬದಲಾಗಲಿಲ್ಲ. ರಾಯಚೂರು, ಯಾದಗಿರಿ, ಕೊಪ್ಪಳ, ಗದಗದ ಮುಂಡರಗಿ, ತುಮಕೂರಿನ ಪಾವಗಡ, ಬಾಗೇಪಲ್ಲಿ ಇವೆಲ್ಲ ಅದೇ ಪಟ್ಟಿಯ ಊರುಗಳು.

1958ರಲ್ಲಿ ಕೂನೂರಿನಲ್ಲಿದ್ದ ಪೌಷ್ಟಿಕತೆಯ ಪ್ರಯೋಗಾಲಯ ಹೈದರಾಬಾದಿಗೆ ಬಂತು. ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ, ಜನರ ಬಾಯಲ್ಲಿ ಎನ್‌ಐಎನ್, ಅದೇ. 1973ರಲ್ಲಿ ಅಲ್ಲಿನ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹೊಸದೊಂದು ಸಂಗತಿ ಹೇಳಿದರು: ಫ್ಲೋರೈಡ್ ಪೀಡಿತ ಹಳ್ಳಿಗಳ ಎಳೆಯರಲ್ಲಿ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತಿದ್ದವು, ಮೂಳೆ ಟೊಳ್ಳಾಗುತ್ತಿತ್ತು. ಹಿಂದಿನ ವರದಿಗಳಲ್ಲಿ ಪ್ರಧಾನವಾಗಿ ಕಂಡದ್ದು ಮೂಳೆ ಗಟ್ಟಿಯಾಗುವುದು, ಇಲ್ಲಿ ಸೊರಗುವುದು.

ಕಾರಣ ಹುಡುಕುತ್ತ ಹೋದ ಸಂಶೋಧಕರು ತಲುಪಿದ್ದು ಜೋಳದ ರೊಟ್ಟಿಗೆ, ಅಲ್ಲಿಂದ ಅಣೆಕಟ್ಟೆಗೆ. 1955ರ ಡಿಸೆಂಬರ್‌ನಲ್ಲಿ ನೆಹರೂ ಅಡಿಗಲ್ಲು ಹಾಕಿದ ನಾಗಾರ್ಜುನ ಸಾಗರದ ಕಾಲುವೆಗಳಲ್ಲಿ 1967ರಲ್ಲಿ ನೀರು ಹರಿಯಿತು. ಅವರು ಮುಂದಿಟ್ಟ ವಿವರಣೆ ಹೀಗಿತ್ತು: ಅಂತರ್ಜಲ ಮೇಲೇರಿ ಮಣ್ಣಿನ ಕ್ಷಾರತೆ ಹೆಚ್ಚಿತು, ಕ್ಷಾರ ಮಣ್ಣಿನಲ್ಲಿ ಬೆಳೆದ ಜೋಳ ಮಾಲಿಬ್ಡಿನಂ ಅನ್ನು ಹೆಚ್ಚಾಗಿ ಹೀರಿತು, ಅದನ್ನು ತಿಂದವರ ದೇಹದಿಂದ ತಾಮ್ರ ಹೆಚ್ಚಾಗಿ ಹೊರಹೋಯಿತು, ಮೂಳೆಗೆ ಬೇಕಾದ ತಾಮ್ರ ಇಲ್ಲವಾಗಿ, ಮೇಲೆ ಫ್ಲೋರೈಡೂ ಸೇರಿ, ಕಾಲು ಬಾಗಿತು. ಮಾಲಿಬ್ಡಿನಂ ಹೆಚ್ಚಿರುವ ಜೋಳ ತಿಂದವರಲ್ಲಿ ತಾಮ್ರ ಹೊರಹೋಗುವುದನ್ನು ಎನ್‌ಐಎನ್‌ನ ದೇವಸ್ಥಳೆ ಮತ್ತು ಗೋಪಾಲನ್ 1974ರಲ್ಲಿ ಅಳೆದು ತೋರಿಸಿದರು. ನೀರು, ಮಣ್ಣು, ಕಾಳು, ಮೂಳೆ ಎಲ್ಲವನ್ನೂ ಒಂದೇ ಸರಪಳಿಯಲ್ಲಿ ನೋಡಿದ ಈ ಕೆಲಸ ಹೈದರಾಬಾದಿನ ವಿಜ್ಞಾನದ ದೊಡ್ಡ ಅಧ್ಯಾಯಗಳಲ್ಲಿ ಒಂದು.

ಪರಿಹಾರವೂ ಆ ದಶಕದಲ್ಲೇ ಬಂತು. ನಾಗಪುರದ ನೀರಿ ಸಂಸ್ಥೆ 1975ರಲ್ಲಿ ಪ್ರಕಟಿಸಿದ ನಲ್ಗೊಂಡ ವಿಧಾನಕ್ಕೆ ಬೇಕಾದ್ದು ಸುಣ್ಣ, ಪಟಿಕ, ಬ್ಲೀಚಿಂಗ್ ಪೌಡರ್, ಒಂದು ಬಕೆಟ್. ಬೆರೆಸಿ ಕಲಕಿದರೆ ಫ್ಲೋರೈಡ್ ಗಸಿಯ ಜೊತೆ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಬಸಿದು ಕುಡಿಯಬಹುದು. ಟಾಂಜಾನಿಯಾ, ಇಥಿಯೋಪಿಯಾದವರೆಗೂ ಈ ವಿಧಾನ ಹೋಯಿತು. ಆದರೆ ಪಟಿಕದ ಅಳತೆ ಪ್ರತಿ ಬಾವಿಗೂ ಬೇರೆ, ದಿನಾ ಮಾಡಬೇಕು, ಗಸಿ ಎಲ್ಲಿ ಚೆಲ್ಲಬೇಕು ಎಂಬುದು ಇನ್ನೊಂದು ತಲೆನೋವು. ಕೂಲಿಗೆ ಹೋಗುವ ಮನೆಯಲ್ಲಿ ಪ್ರಯೋಗಾಲಯ ನಡೆಸುವವರು ಯಾರು?

ಇದೇ ಕಾಲದಲ್ಲಿ ಹೈದರಾಬಾದ್ ನಗರ ಏನು ಕುಡಿಯುತ್ತಿತ್ತು? 1908ರ ಮೂಸಿ ಪ್ರವಾಹದ ನಂತರ ನಿಜಾಮ ಸರ್ಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯಿಂದ ಹುಟ್ಟಿದ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ನಗರಕ್ಕೆ ಕೆರೆಯ ಸಿಹಿನೀರು ಸಿಕ್ಕಿತು. ನಗರದ ಕೊಳೆ ಹೊತ್ತ ಅದೇ ಮೂಸಿ ಕೆಳಗೆ ನಲ್ಗೊಂಡ ಜಿಲ್ಲೆಯಲ್ಲಿ ಹರಿಯಿತು. 2004ರಲ್ಲಿ ಕೃಷ್ಣಾ ನೀರು ನಲ್ಗೊಂಡದ ಮೂಲಕವೇ ಪೈಪುಗಳಲ್ಲಿ ಹೈದರಾಬಾದಿಗೆ ಬಂತು. ತೆಲಂಗಾಣದ ಹಳ್ಳಿಹಳ್ಳಿಗೆ ನಲ್ಲಿ ನೀರು ಕೊಡುವ ಮಿಷನ್ ಭಗೀರಥ ಉದ್ಘಾಟನೆಯಾದದ್ದು 2016ರಲ್ಲಿ. ಶಾರ್ಟ್ ವರದಿ ಬಂದು ಆಗಲೇ 79 ವರ್ಷ.

ಕಾಯಿಲೆ ಏನು, ಕಾರಣವೇನು ಎಂಬುದು ಬಹಳ ಹಿಂದೆಯೇ ತಿಳಿದಿತ್ತು. ತಡವಾದದ್ದು ನದಿಯ ನೀರನ್ನು ಯಾರಿಗೆ ಮೊದಲು ಕೊಡಬೇಕೆಂಬ ತೀರ್ಮಾನ. ವಿಜಯಪುರ, ಬಾಗಲಕೋಟೆ, ಯಾದಗಿರಿ, ರಾಯಚೂರು ದಾಟಿ ಬಂದ ಕೃಷ್ಣೆಯ ನೀರನ್ನು ಇಲ್ಲಿನ ನಲ್ಲಿಯಲ್ಲಿ ಹಿಡಿಯುವ ನಮ್ಮಲ್ಲಿ ಹಲವರ ಮನೆಯವರು ಊರಿನಲ್ಲಿ ಇಂದಿಗೂ ಬೋರ್‌ವೆಲ್ ನೀರನ್ನೇ ಕುಡಿಯುತ್ತಾರೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಬಣ್ಣದಲ್ಲಿ ಕಾಣುವುದಿಲ್ಲ, ರುಚಿಯಲ್ಲಿ ಸಿಗುವುದಿಲ್ಲ, ಕುದಿಸಿದರೆ ಹೋಗುವುದಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಒಂದು ಬಾಟಲಿ ನೀರು ತುಂಬಿಸಿ ಪರೀಕ್ಷೆಗೆ ಕೊಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಮುಂದಿನ ಹಬ್ಬದವರೆಗೆ ಕಾಯಬೇಡಿ.