ಮೆಟ್ರೊಪೊಲಿಸ್: ಎರಡನೇ ಸಲ

ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಯಾರದ್ದೋ ಹಾರ್ಡ್‌ಡಿಸ್ಕಿನಿಂದ ಕಾಪಿ ಮಾಡಿಕೊಂಡು 'ಮೆಟ್ರೊಪೊಲಿಸ್' ನೋಡಿದ್ದೆ. ಫ್ರಿಟ್ಜ್ ಲಾಂಗ್ ನಿರ್ದೇಶಿಸಿ 1927ರಲ್ಲಿ ತೆರೆಕಂಡ ಜರ್ಮನ್ ಮೂಕಿ ಚಿತ್ರ. ಮೇಲೆ ಗಗನಚುಂಬಿ ಕಟ್ಟಡಗಳು, ನೆಲದಡಿ ಯಂತ್ರಗಳ ಮುಂದೆ ಸವೆಯುವ ಕಾರ್ಮಿಕರು, ನಡುವೆ ಹೆಣ್ಣು ರೂಪದ ಒಂದು ರೋಬೋಟ್. ಸೆಟ್ಟುಗಳನ್ನು ನೋಡಿ ಬಾಯಿ ಬಿಟ್ಟಿದ್ದೆ, ಕಥೆಯ ತಲೆಬುಡ ಮಾತ್ರ ಅರ್ಥವಾಗಿರಲಿಲ್ಲ. ಆ ವಿಜ್ಞಾನಿ ರೋಟ್‌ವಾಂಗ್ ರೋಬೋಟ್ ಮಾಡುವುದಾದರೂ ಯಾಕೆ? "ಹಳೇ ಸಿನಿಮಾ ಕಣೋ, ಲಾಜಿಕ್ ಕೇಳ್ಬಾರ್ದು" ಅಂದಿದ್ದ ರೂಮ್‌ಮೇಟ್. ನಾನೂ ಹೂಂ ಅಂದಿದ್ದೆ.

ಮೊನ್ನೆ 2010ರ ಪುನರುದ್ಧಾರಗೊಂಡ ಆವೃತ್ತಿಯ ಬ್ಲೂ-ರೇ ತರಿಸಿದೆ. ಸುಮಾರು ಎರಡೂವರೆ ಗಂಟೆ ಕೂತು ನೋಡಿದ ಮೇಲೆ ಗೊತ್ತಾಯಿತು, ತಪ್ಪು ಲಾಂಗ್‌ನದಲ್ಲ. ಅವತ್ತು ನಾನು ನೋಡಿದ್ದೇ ಅರ್ಧಂಬರ್ಧ ಸಿನಿಮಾ!

1927ರ ಜನವರಿ 10ರಂದು ಬರ್ಲಿನ್ನಿನಲ್ಲಿ ಮೊದಲು ತೋರಿಸಿದಾಗ ಚಿತ್ರದ ಅವಧಿ ಸುಮಾರು 153 ನಿಮಿಷ. ಅಮೆರಿಕದ ಪ್ಯಾರಾಮೌಂಟ್‌ನವರಿಗೆ ಅದು ತೀರಾ ಉದ್ದವೆನಿಸಿ, ಚಾನಿಂಗ್ ಪೊಲಾಕ್ ಎಂಬ ನಾಟಕಕಾರನ ಕೈಗೆ ಕತ್ತರಿ ಕೊಟ್ಟರು. ಕಥೆಯಲ್ಲಿ ಹೆಲ್ ಅಂತ ಒಬ್ಬಳು. ರೋಟ್‌ವಾಂಗ್ ಪ್ರೀತಿಸಿದವಳು. ನಗರದ ಒಡೆಯ ಫ್ರೆಡರ್‌ಸನ್‌ನನ್ನು ಮದುವೆಯಾಗಿ, ಮಗನನ್ನು ಹೆತ್ತು ಸತ್ತವಳು. ಅವಳನ್ನು ವಾಪಸ್ ಪಡೆಯಲೆಂದೇ ರೋಟ್‌ವಾಂಗ್ ಯಂತ್ರದ ಹೆಣ್ಣನ್ನು ಮಾಡುವುದು. ಅವಳ ಹೆಸರು ಇಂಗ್ಲಿಷಿನಲ್ಲಿ ನರಕ ಅಂದಹಾಗೆ ಕೇಳಿಸುತ್ತದೆ ಅಂತ ಅವಳನ್ನೇ ಕಿತ್ತುಹಾಕಿದರು. ವೇರಿಯಬಲ್ ಹೆಸರು ಹಿಡಿಸಲಿಲ್ಲ ಅಂತ ಇಡೀ ಫಂಕ್ಷನ್ ಡಿಲೀಟ್ ಮಾಡಿದ ಹಾಗೆ! ಅದೇ ವರ್ಷ ಜರ್ಮನಿಯಲ್ಲೂ ಮೊಟಕು ಪ್ರತಿಯೇ ಓಡಿತು. ಪೂರ್ತಿ ಚಿತ್ರ ಕಳೆದೇ ಹೋಯಿತೆಂದು ದಶಕಗಳ ಕಾಲ ಎಲ್ಲರೂ ನಂಬಿದ್ದರು.

ಸಿಕ್ಕಿದ್ದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ. ಅಲ್ಲಿನ ವಿತರಕನೊಬ್ಬ ಕತ್ತರಿ ಬೀಳದ ಪ್ರತಿಯೊಂದನ್ನು ಆಗಲೇ ಕೊಂಡೊಯ್ದಿದ್ದ. ಬಹಳ ವರ್ಷಗಳ ನಂತರ ಫಿಲ್ಮ್ ಕ್ಲಬ್ ನಡೆಸುವವರೊಬ್ಬರು, ಈ ಚಿತ್ರ ತೋರಿಸುವಾಗ ರೀಲು ಅಲುಗಾಡದಂತೆ ಎರಡು ಗಂಟೆಗೂ ಹೆಚ್ಚು ಹೊತ್ತು ಪ್ರೊಜೆಕ್ಟರಿಗೆ ಬೆರಳೊತ್ತಿ ಹಿಡಿಯಬೇಕಾಯ್ತು ಅಂತ ಗೊಣಗಿದರಂತೆ. ಫರ್ನಾಂಡೊ ಪೆನ್ಯಾ ಎಂಬ ಸಿನಿಮಾ ಇತಿಹಾಸಕಾರನ ಕಿವಿ ನೆಟ್ಟಗಾಯಿತು. ಎರಡು ಗಂಟೆಗೂ ಹೆಚ್ಚಾ? ಗೊತ್ತಿದ್ದ ಯಾವ ಪ್ರತಿಯೂ ಅಷ್ಟು ಉದ್ದವಿರಲಿಲ್ಲವಲ್ಲ! ಆ ಗೊಣಗಾಟದ ಬೆನ್ನು ಹತ್ತಿದವನಿಗೆ ಡಬ್ಬಿ ತೆರೆಯಲು ಸಾಧ್ಯವಾಗಿದ್ದು 2008ರಲ್ಲಿ, ಅಲ್ಲಿನ ಸಿನಿಮಾ ಮ್ಯೂಸಿಯಂಗೆ ಪೌಲಾ ಫೆಲಿಕ್ಸ್-ಡಿಡಿಯರ್ ನಿರ್ದೇಶಕಿಯಾಗಿದ್ದಾಗ. ಕಳೆದುಹೋಗಿದ್ದ ಸುಮಾರು 25 ನಿಮಿಷ ಒಳಗಿತ್ತು.

ಆದರೆ ಮೂಲದ ನೈಟ್ರೇಟ್ ಫಿಲ್ಮು ಬೇಗ ಬೆಂಕಿ ಹತ್ತುವಂಥದ್ದು. ಹಾಗಾಗಿ ಅದನ್ನು ಮೊದಲೇ 16 ಮಿ.ಮೀ.ಗೆ ಇಳಿಸಿಕೊಂಡಿದ್ದರು, ಮೂಲ ಉಳಿದಿಲ್ಲ. ಗೀರುಗಳೂ ಚಿತ್ರದ ಜೊತೆಗೇ ಅಚ್ಚಾಗಿವೆ, ಚೌಕಟ್ಟಿನ ಅಂಚು ಹೋಗಿದೆ. ಬ್ಲೂ-ರೇಯಲ್ಲಿ ಕನ್ನಡಿಯಂಥ ದೃಶ್ಯ ಮುಗಿದು ಇದ್ದಕ್ಕಿದ್ದಂತೆ ಗೀರುಗಳ ಮಳೆ ಸುರಿಯುತ್ತದೆ. ಪರದೆ ಸರಿಸಿದರೆ ಹೆಲ್‌ಳ ದೊಡ್ಡ ಕಲ್ಲಿನ ಮುಖ, ಅದರೆದುರು ಫ್ರೆಡರ್‌ಸನ್, ಹಿಂದಿನಿಂದ ರೋಷದಲ್ಲಿ ಬರುವ ರೋಟ್‌ವಾಂಗ್. ಆ ದೃಶ್ಯವನ್ನು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆ.

ನಮ್ಮ ಮೊದಲ ಟಾಕಿ 'ಸತಿ ಸುಲೋಚನ' (1934) ನೆನಪಾಯಿತು. ಅದರದ್ದು ಒಂದು ಪ್ರತಿಯೂ ಉಳಿದಿಲ್ಲ. ಗೀರು ಬಿದ್ದದ್ದಾದರೂ ಸರಿ, ಹತ್ತು ನಿಮಿಷ ಸಿಕ್ಕಿದ್ದರೆ...

ರೂಮ್‌ಮೇಟ್‌ಗೆ ಫೋನ್ ಮಾಡಿ ರೋಬೋಟ್ ಯಾಕೆ ಮಾಡಿದ್ದು ಅಂತ ಹೇಳಿದೆ. "ಎರಡೂವರೆ ಗಂಟೆನಾ? ಮಾತೂ ಇಲ್ವಾ?" ಅಂದ. ಡಿಸ್ಕ್ ಕೊರಿಯರ್ ಮಾಡಿದ್ದೇನೆ.