ಹಿತ್ತಲಿನ ತಗಡಿನ ಶೆಡ್ಡು ಮತ್ತು ಕಡೆದ ಮರ

ಕನ್ನಡದಲ್ಲಿ 'ಕಡೆ' ಎಂಬ ಒಂದೇ ಧಾತು ಮೊಸರಿಗೂ ಸಲ್ಲುತ್ತದೆ, ಮರಕ್ಕೂ ಸಲ್ಲುತ್ತದೆ. ಮನೆಯಲ್ಲಿ ಮೊಸರು ಕಡೆಯುತ್ತಾರೆ. ಬಡಗಿಯ ಮನೆಯಲ್ಲಿ ಬುಗುರಿ, ಲಟ್ಟಣಿಗೆ, ತೊಟ್ಟಿಲ ಕಾಲುಗಳನ್ನು ಕಡೆಯುತ್ತಾರೆ. ಚೆಲುವೆಯನ್ನು 'ಕಡೆದಿಟ್ಟ ಬೊಂಬೆ' ಎನ್ನುವ ಮಾತೂ ಇದೆ. ಒಂದೇ ಪದ ಎರಡು ಕೆಲಸಗಳಿಗೆ ಹೊಂದಿಕೊಂಡದ್ದು ಸುಮ್ಮನೆ ಅಲ್ಲ. ಕಂಬಕ್ಕೆ ಆನಿಸಿದ ಕಡಗೋಲಿಗೆ ಹಗ್ಗ ಸುತ್ತಿ, ಒಮ್ಮೆ ಬಲಗೈ ಒಮ್ಮೆ ಎಡಗೈ ಎಳೆದಾಗ ಅದು ಹಿಂದಕ್ಕೂ ಮುಂದಕ್ಕೂ ತಿರುಗುತ್ತದಲ್ಲ, ಮನುಷ್ಯ ಮಾಡಿಕೊಂಡ ಮೊದಮೊದಲ ಲೇತ್‌ಗಳೂ ಹಾಗೆಯೇ ತಿರುಗುತ್ತಿದ್ದವು. ಈಜಿಪ್ಟಿನ ತೂನಾ ಎಲ್-ಗೆಬೆಲ್‌ನಲ್ಲಿ ಪೆಟೋಸಿರಿಸ್ ಎಂಬ ಪುರೋಹಿತನ ಸಮಾಧಿ ಇದೆ. ಕ್ರಿ.ಪೂ. 300ರ ಸುಮಾರಿನದು. ಅದರ ಗೋಡೆಯ ಉಬ್ಬುಚಿತ್ರವೊಂದರಲ್ಲಿ ಒಬ್ಬ ಹಗ್ಗ ಎಳೆಯುತ್ತಾನೆ, ಇನ್ನೊಬ್ಬ ತಿರುಗುವ ಮರಕ್ಕೆ ಉಳಿ ಕೊಡುತ್ತಾನೆ. ಲೇತ್ ಕೆಲಸದ ಚಿತ್ರಗಳಲ್ಲಿ ನಮಗೆ ದಕ್ಕಿರುವ ಅತಿ ಹಳೆಯದು ಇದೇ ಎನ್ನುತ್ತಾರೆ.

ಆ ಚಿತ್ರದಲ್ಲಿ ಗೋಡೆ ಇಲ್ಲ, ಸೂರು ಇಲ್ಲ. ಕಡೆಯುವ ಕೆಲಸಕ್ಕೆ ಬಹುಕಾಲ ಅವೆರಡೂ ಬೇಕಾಗಿರಲಿಲ್ಲ. ಅದಕ್ಕೆ ಕೋಣೆಯೊಂದು ಅಗತ್ಯವಾದದ್ದು, ಆ ಕೋಣೆ ಹಿತ್ತಲಿನ ತಗಡಿನ ಶೆಡ್ಡಾದದ್ದು ಈಚಿನ ಕಥೆ. ಗೋಡೆಗಳು ಬಂದದ್ದರಿಂದ ಕೆಲಸಗಾರನಿಗೆ ಏನು ಸಿಕ್ಕಿತು, ಏನು ಹೋಯಿತು ಎಂಬ ಲೆಕ್ಕ ಆ ಕಥೆಯೊಳಗೇ ಇದೆ.

ಇಂಗ್ಲೆಂಡಿನ ಚಿಲ್ಟರ್ನ್ ಗುಡ್ಡಗಳ ಬೀಚ್ ಮರದ ಕಾಡುಗಳಲ್ಲಿ 'ಬಾಜರ್' ಎಂದು ಕರೆಸಿಕೊಳ್ಳುತ್ತಿದ್ದ ಕೆಲಸಗಾರರಿದ್ದರು. ಕುರ್ಚಿಯ ಕಾಲು ಕಡೆಯುವುದು ಅವರ ಕಸುಬು. ಕಾಡಿನಲ್ಲಿ ಒಂದಿಷ್ಟು ಮರ ಕೊಂಡು, ಅಲ್ಲೇ ಗಳುಗಳ ಗುಡಿಸಲು ಎಬ್ಬಿಸಿ, ಅಲ್ಲೇ ಲೇತ್ ಹೂಡುತ್ತಿದ್ದರು. ಲೇತ್ ಎಂದರೆ ಬಳುಕುವ ಒಂದು ಗಳು, ಅದರ ತುದಿಯಿಂದ ಇಳಿದು ಮರದ ತುಂಡನ್ನು ಸುತ್ತಿ ಕಾಲಿನ ಹಲಗೆಗೆ ಸೇರುವ ಹಗ್ಗ, ಇಷ್ಟೆ. ಹಲಗೆ ತುಳಿದಾಗ ಮರ ಉಳಿಯ ಕಡೆಗೆ ತಿರುಗುತ್ತದೆ. ಕಾಲು ಎತ್ತಿದರೆ ಗಳುವೇ ಅದನ್ನು ಹಿಂದಕ್ಕೆ ತಿರುಗಿಸುತ್ತದೆ. ಕೊರೆತವೆಲ್ಲ ತುಳಿದಾಗ ಮಾತ್ರ. ಕಾಲುಗಳು 144ರ ಗ್ರೋಸ್ ಲೆಕ್ಕದಲ್ಲಿ ಹೈ ವಿಕಮ್ ಪಟ್ಟಣದ ಕುರ್ಚಿ ಕಾರ್ಖಾನೆಗಳಿಗೆ ಹೋಗುತ್ತಿದ್ದವು. ವಿಂಡ್ಸರ್ ಕುರ್ಚಿ ಎಂದು ಹೆಸರಾದದ್ದರ ಕಾಲುಗಳು ಇವೇ.

ಕೆಲಸಗಾರ ಮರವನ್ನು ಊರಿಗೆ ಒಯ್ಯದೆ ತಾನೇ ಮರದ ಬಳಿಗೆ ಹೋಗುತ್ತಿದ್ದುದು ಏಕೆ? ಆಗತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಆ ನೀರನ್ನು ಗಾಡಿಯಲ್ಲಿ ಹೊತ್ತು ತಿರುಗುವುದು ದಂಡ. ಅಲ್ಲದೆ ಹಸಿಮರ ಉಳಿಗೆ ಬೆಣ್ಣೆಯಂತೆ ಒದಗುತ್ತದೆ. ಅದರಿಂದ ಏಳುವುದು ಉದ್ದುದ್ದ ಒದ್ದೆ ಸುರುಳಿ, ಪುಡಿ ಅಲ್ಲ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಇದೇ ಊರಿಗೆ ಇನ್ನೊಂದು ಕಾರಣಕ್ಕೆ ಬರಬೇಕಾಗಿದೆ.

ನಮ್ಮ ಚನ್ನಪಟ್ಟಣದ ಕೈಲೇತ್ ಇದಕ್ಕಿಂತಲೂ ಸಣ್ಣದು. ಕೆಲಸಗಾರ ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ಬಿಲ್ಲು ಆಡಿಸುತ್ತಾನೆ. ಇನ್ನೊಂದು ಕೈಯೂ ಕಾಲೂ ಸೇರಿ ಉಳಿಯನ್ನು ಹಿಡಿದಿರುತ್ತವೆ. ಕಾಲಿನ ಬೆರಳಿಗೂ ವಿದ್ಯೆ ಕಲಿಸಿದ ಕಸುಬು ಇದು. ಹಾಲೆ ಮರದ ಬಿಳಿ ತುಂಡು ತಿರುಗುತ್ತಿರುವಾಗಲೇ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿದರೆ, ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಒಣ ಗರಿಯಿಂದ ತಿಕ್ಕಿದರೆ ಹೊಳಪು. ಬಿಲ್ಲಿನ ಲೇತ್‌ಗೆ ಒಂದು ಜಗಲಿ, ಒಂದು ಚಪ್ಪರದ ನೆರಳು ಸಾಕು. ಸಂಜೆ ಎತ್ತಿ ಮೂಲೆಗಿಟ್ಟರೆ ಜಗಲಿ ಮತ್ತೆ ಜಗಲಿಯೇ.

ಇನ್ನು ತಗಡಿನ ವಿಷಯ. 1829ರಲ್ಲಿ ಲಂಡನ್ ಡಾಕ್ ಕಂಪನಿಯ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್ ಅಲೆಅಲೆಯಾಗಿ ಮಡಿಸಿದ ಕಬ್ಬಿಣದ ಹಾಳೆಗೆ ಪೇಟೆಂಟ್ ಪಡೆದ. ಅದರ ಗುಟ್ಟು ಮಕ್ಕಳಿಗೂ ಗೊತ್ತು. ನೆಟ್ಟಗಿರುವ ಕಾಗದವನ್ನು ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಟ್ಟರೆ ಕುಸಿಯುತ್ತದೆ. ಬೀಸಣಿಗೆಯಂತೆ ಮಡಿಸಿ ಇಟ್ಟರೆ ಅದರ ಮೇಲೆ ಲೋಟ ನಿಲ್ಲಿಸಬಹುದು. ಪಾಮರ್ ಇದನ್ನು ಕಬ್ಬಿಣಕ್ಕೆ ಹಚ್ಚಿದ. ಹಡಗುಕಟ್ಟೆಯಲ್ಲಿ ಸರಕು ಒಟ್ಟಲು ವಿಶಾಲವಾದ, ಕಂಬಗಳು ಕಡಿಮೆಯಿರುವ ಸೂರು ಬೇಕಿತ್ತು, ಆ ಕೆಲಸಕ್ಕೆ ಇದು ಒದಗಿತು. ಅಂದರೆ ಈ ತಗಡು ಹುಟ್ಟಿದ್ದೇ ಶೆಡ್ಡಿಗಾಗಿ, ಮನೆಗಾಗಿ ಅಲ್ಲ.

ಆದರೆ ಬರಿ ಕಬ್ಬಿಣ ಮಳೆಗೆ ತುಕ್ಕು ಹಿಡಿಯುತ್ತದೆ. 1837ರಲ್ಲಿ ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ ಕರಗಿದ ಸತುವಿನಲ್ಲಿ ಕಬ್ಬಿಣವನ್ನು ಅದ್ದುವ ವಿಧಾನಕ್ಕೆ ಪೇಟೆಂಟ್ ಪಡೆದ. ಸತು ಬರೀ ಹೊದಿಕೆಯಾಗಿ ಕೂರುವುದಿಲ್ಲ. ಹಾಳೆಗೆ ಗೀರು ಬಿದ್ದು ಕಬ್ಬಿಣ ಕಾಣಿಸಿದರೂ, ಪಕ್ಕದ ಸತು ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ಈ ವಿದ್ಯುತ್ ಸಂಬಂಧದ ಕಾರಣಕ್ಕೇ ಇಟಲಿಯ ವಿಜ್ಞಾನಿ ಗಾಲ್ವಾನಿಯ ಹೆಸರು ಅದಕ್ಕೆ ಅಂಟಿಕೊಂಡಿತು. ನಮ್ಮಲ್ಲಿ 'ಜಿಂಕ್ ಶೀಟು' ಎನ್ನುವವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಸೊರೆಲ್‌ನ ಸತುವನ್ನೇ ಹೆಸರಿಸುತ್ತಾರೆ.

ಚಿನ್ನ ಸಿಕ್ಕಿದ ಕಡೆಗೆಲ್ಲ ಈ ತಗಡು ಹಡಗು ಹತ್ತಿ ಹೋಯಿತು. 1849ರಲ್ಲಿ ಕ್ಯಾಲಿಫೋರ್ನಿಯಾ, 1851ರ ನಂತರ ಆಸ್ಟ್ರೇಲಿಯಾದ ವಿಕ್ಟೋರಿಯಾ. ಮೆಲ್ಬರ್ನ್‌ನಲ್ಲಿ ಜನ ತುಂಬಿ ತುಳುಕಿದರು. ಇಟ್ಟಿಗೆ ಕಟ್ಟುವವರೂ ಬಡಗಿಗಳೂ ಗಣಿಗೆ ಓಡಿದ್ದರು. ಇಂಗ್ಲೆಂಡಿನಲ್ಲಿ ತಯಾರಾದ ಇಡೀ ಮನೆಗಳು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬಂದವು. ಅಂಥವುಗಳಲ್ಲಿ ಸುಮಾರು 1853ರ ಒಂದು ಮನೆ ದಕ್ಷಿಣ ಮೆಲ್ಬರ್ನ್‌ನ ಕಾವೆಂಟ್ರಿ ಬೀದಿಯಲ್ಲಿ ಈಗಲೂ ನಿಂತಿದೆ, ನ್ಯಾಷನಲ್ ಟ್ರಸ್ಟ್ ಅದನ್ನು ಕಾಪಾಡಿಕೊಂಡು ಬಂದಿದೆ. ಇಂಗ್ಲೆಂಡಿನ ತಣ್ಣನೆ ಹವೆಯಲ್ಲಿ ಕುಳಿತು ಯೋಚಿಸಿದ ಮನೆ ಆಸ್ಟ್ರೇಲಿಯಾದ ಬಿಸಿಲಿನಲ್ಲಿ ಹೇಗಿದ್ದೀತು ಎಂಬುದನ್ನು ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳನ್ನು ಶೀಟ್ ಮನೆಯಲ್ಲಿ ಕಳೆದವರಿಗೆ ಹೇಳಬೇಕಾಗಿಲ್ಲ. ಕೈಯಲ್ಲಿ ಕಾಸು ಓಡಾಡಿದ ಕೂಡಲೇ ಜನ ಇಟ್ಟಿಗೆಗೋ ಮರಕ್ಕೋ ಬದಲಾದರು. ತಗಡು ಮಾತ್ರ ಆ ದೇಶ ಬಿಟ್ಟು ಹೋಗಲಿಲ್ಲ. ಮನೆಯ ಮಾಡಿಗೆ ಏರಿತು, ಉಣ್ಣೆ ಕತ್ತರಿಸುವ ಕೊಟ್ಟಿಗೆಗೆ ಗೋಡೆಯಾಯಿತು, ಕೊನೆಗೆ ಊರೂರಿನ ಹಿತ್ತಲಲ್ಲಿ ಒಂದು ಶೆಡ್ಡಾಗಿ ಕುಳಿತಿತು.

ಆ ಶೆಡ್ಡಿನೊಳಗೆ ಲೇತ್ ಬರಲು ಇನ್ನೊಂದು ವಸ್ತು ಬೇಕಿತ್ತು: ಮನೆಯ ಕರೆಂಟಿನಲ್ಲೇ ಓಡುವ ಸಣ್ಣ ಮೋಟರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅದು ಸಾಮಾನ್ಯರಿಗೆ ಎಟುಕಿತು. ಅಮೆರಿಕದಲ್ಲಿ ಹಾನ್ಸ್ ಗೋಲ್ಡ್‌ಶ್ಮಿಟ್ ರೂಪಿಸಿದ ಶಾಪ್‌ಸ್ಮಿತ್ ಎಂಬ ಯಂತ್ರ 1947ರ ಹೊತ್ತಿಗೆ ಮಾರುಕಟ್ಟೆಗೆ ಬಂತು. ಒಂದೇ ಮೋಟರಿಗೆ ಗರಗಸ, ಡ್ರಿಲ್, ಲೇತ್ ಎಲ್ಲವೂ. ಕಾರ್ಖಾನೆಯಲ್ಲಿ ಹಗಲೆಲ್ಲ ಯಾರದೋ ಯಂತ್ರದ ಮುಂದೆ ನಿಂತವನು ಸಂಜೆ ತನ್ನದೇ ಯಂತ್ರದ ಮುಂದೆ ನಿಲ್ಲುವಂತಾದ. ಇದನ್ನು ಹವ್ಯಾಸ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಉಪಕರಣದ ಒಡೆತನ ಕೈತಪ್ಪಿ ನೂರೈವತ್ತು ವರ್ಷ ಕಳೆದ ಮೇಲೆ ಅದು ಮತ್ತೆ ಹಿತ್ತಲಿಗೆ ಬಂದ ಘಟನೆ ಇದು.

ಹಾಗೆಂದು ತಗಡು ಮತ್ತು ಮರ ಒಳ್ಳೆಯ ನೆರೆಹೊರೆಯೇನಲ್ಲ. ಸಮವಾಗಿಲ್ಲದ ಹಸಿ ದಿಮ್ಮಿಯನ್ನು ಲೇತ್‌ಗೆ ಕಚ್ಚಿಸಿ ತಿರುಗಿಸಿದರೆ ಯಂತ್ರವೇ ನಡೆದಾಡುತ್ತದೆ. ಆದ್ದರಿಂದ ಶೆಡ್ಡು ಕಟ್ಟುವವನು ಗೋಡೆಗಿಂತ ಮೊದಲು ನೆಲವನ್ನು ಯೋಚಿಸಬೇಕು, ಗಟ್ಟಿ ಕಾಂಕ್ರೀಟ್ ಹಾಸಿ ಲೇತ್ ಕಾಲುಗಳನ್ನು ಬೋಲ್ಟಿನಿಂದ ಬಿಗಿಯಬೇಕು. ರಾತ್ರಿ ತಗಡು ಬೇಗ ತಣ್ಣಗಾಗುತ್ತದೆ. ಒಳಗಿನ ತೇವ, ಅದರಲ್ಲೂ ಹಸಿಮರ ಬಿಟ್ಟ ತೇವ, ಅದರ ಒಳಮೈಗೆ ಇಬ್ಬನಿಯಾಗಿ ಕೂತು ಬೆಳಗಿನ ಜಾವ ಹನಿಯುತ್ತದೆ. ಹೊರಗೆ ಮಳೆಯಿಲ್ಲದಿದ್ದರೂ ಒಳಗೆ ಮಳೆ. ಲೇತ್‌ನ ಎರಕದ ಕಬ್ಬಿಣ ತುಕ್ಕು ಹಿಡಿಯುವುದು ಹೀಗೆ. ಮಾಡಿನ ಅಡಿಗೆ ಶಾಖ ತಡೆಯುವ ಹೊದಿಕೆ ಹಾಕುವುದು ಬೇಸಿಗೆಯ ಸೆಕೆಗೆ ಮಾತ್ರವಲ್ಲ, ಇದಕ್ಕೂ. ಹಗಲಿನ ಕಾವಿಗೋ ದಿಮ್ಮಿಯ ತುದಿಗಳು ಮೊದಲು ಒಣಗಿ ಸೀಳುಬಿಡುತ್ತವೆ. ಅದಕ್ಕೇ ಕೊಯ್ದ ತುದಿಗೆ ಮೇಣ ಬಳಿಯುತ್ತಾರೆ. ಬಟ್ಟಲನ್ನು ಒಂದೇ ಸಲಕ್ಕೆ ಕಡೆದು ಮುಗಿಸುವುದೂ ಇಲ್ಲ. ಮೊದಲು ಅಗಲದ ಹತ್ತನೇ ಒಂದು ಭಾಗದಷ್ಟು ದಪ್ಪ ಉಳಿಸಿ ಒರಟಾಗಿ ಕಡೆದು, ಕಾಗದದ ಚೀಲದಲ್ಲಿ ಕಟ್ಟಿ ತಿಂಗಳುಗಟ್ಟಲೆ ಕಾಯುತ್ತಾರೆ. ಅಷ್ಟರಲ್ಲಿ ಅದು ಒಣಗಿ ಸೊಟ್ಟಗಾಗುತ್ತದೆ. ಉಳಿಸಿದ ದಪ್ಪದೊಳಗೇ ಮತ್ತೆ ದುಂಡಗಿನ ಬಟ್ಟಲನ್ನು ಹುಡುಕುತ್ತಾರೆ.

ಎರಡನೆಯ ಸಲ ಕಡೆಯುವಾಗ ಮರ ಒಣಗಿರುತ್ತದೆ. ಉಪ್ಪುಕಾಗದ ಹಿಡಿದರೆ ಏಳುವುದು ಸುರುಳಿಯಲ್ಲ, ಹಿಟ್ಟಿನಂಥ ಹೊಟ್ಟು.

ಮತ್ತೆ ಹೈ ವಿಕಮ್‌ಗೆ ಬರೋಣ. ಕಾಡಿನ ಗುಡಿಸಲುಗಳು ಇಲ್ಲವಾಗುತ್ತಾ ಬಂದಂತೆ ಕುರ್ಚಿಯ ಕೆಲಸವೆಲ್ಲ ಪಟ್ಟಣದ ಕಾರ್ಖಾನೆಗಳ ಗೋಡೆಗಳೊಳಗೆ ಸೇರಿತ್ತು. ಒಣಗಿಸಿದ ಮರ, ವೇಗದ ಯಂತ್ರ, ಮುಚ್ಚಿದ ಕೋಣೆ. 1960ರ ದಶಕದಲ್ಲಿ ಆ ಊರಿನ ಆಸ್ಪತ್ರೆಯಲ್ಲಿದ್ದ ಕಿವಿ-ಮೂಗು-ಗಂಟಲಿನ ಶಸ್ತ್ರವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್ ಒಂದು ವಿಚಿತ್ರವನ್ನು ಗಮನಿಸಿದರು. ಮೂಗಿನ ಒಳಗೂಡುಗಳಲ್ಲಿ ಹುಟ್ಟುವ, ಬೇರೆಡೆ ತೀರಾ ಅಪರೂಪವಾದ ಒಂದು ಬಗೆಯ ಕ್ಯಾನ್ಸರ್ ಅವರ ಬಳಿ ಬರುತ್ತಿದ್ದ ಪೀಠೋಪಕರಣ ಕೆಲಸಗಾರರಲ್ಲಿ ಮತ್ತೆಮತ್ತೆ ಕಾಣಿಸುತ್ತಿತ್ತು. ಆಕ್ಸ್‌ಫರ್ಡಿನ ಡೊನಾಲ್ಡ್ ಅಚೆಸನ್ ಮತ್ತಿತರರೊಡನೆ ಸೇರಿ ಲೆಕ್ಕ ಹಾಕಿದರು. 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರ ಲೇಖನ ಬಂತು. ಮರುವರ್ಷವೇ ಬ್ರಿಟನ್ ಅದನ್ನು ಕಸುಬಿನಿಂದ ಬರುವ ಕಾಯಿಲೆಯೆಂದು ಒಪ್ಪಿ ಪಟ್ಟಿಗೆ ಸೇರಿಸಿತು. ಕಾರಣ ಮೆರುಗೆಣ್ಣೆಯಲ್ಲ, ಅಂಟಲ್ಲ. ಬೀಚ್, ಓಕ್‌ನಂಥ ಗಟ್ಟಿಮರಗಳ ಹೊಟ್ಟಿನ ಕಡೆಗೇ ಎಲ್ಲ ಬೆರಳುಗಳೂ ತೋರಿದವು. ಕಾಯಿಲೆ ಬಹಳ ಸಾವಕಾಶದ್ದು, ಹೊಟ್ಟು ಕುಡಿದ ಹುಡುಗ ಮುದುಕನಾಗುವವರೆಗೂ ಅದು ಕಾದಿರಬಲ್ಲದು. 1995ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಹೊಟ್ಟನ್ನು ತನ್ನ ಮೊದಲ ಗುಂಪಿಗೆ ಸೇರಿಸಿತು. ಕ್ಯಾನ್ಸರ್ ತರುವುದು ಖಚಿತ ಎನ್ನಿಸಿದ ವಸ್ತುಗಳ ಗುಂಪು ಅದು.

ಕಾಡಿನ ಅಜ್ಜ, ಕಾರ್ಖಾನೆಯ ಮೊಮ್ಮಗ ಇಬ್ಬರೂ ಕೊರೆದದ್ದು ಒಂದೇ ಬೀಚ್ ಮರವನ್ನು. ನಡುವೆ ಬದಲಾದದ್ದು ಮರದ ತೇವ, ಯಂತ್ರದ ವೇಗ, ಸುತ್ತಲಿನ ಗೋಡೆ. ಅಜ್ಜನ ಬಾಳನ್ನು ಚಂದಗಾಣಿಸುವ ಆಸೆ ನನಗಿಲ್ಲ. ಚಳಿಗಾಲದ ಕಾಡಿನಲ್ಲಿ ಒದ್ದೆ ನೆಲದ ಮೇಲೆ ನಿಂತು ದಿನವಿಡೀ ತುಳಿದು ಬಿಡಿಗಾಸು ಗಳಿಸಿದವನು ಅವನು. ಆದರೆ ಅವನ ಮೂಗಿಗೆ ಗಾಳಿ ಇತ್ತು.

ಕಾರ್ಖಾನೆಯಲ್ಲಾದರೂ ಕಾನೂನು, ತಪಾಸಣೆ, ಹೊಟ್ಟು ಹೀರುವ ಕೊಳವೆ ಬಂದವು. ಹಿತ್ತಲಿನ ಶೆಡ್ಡಿಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಯಜಮಾನನೂ ಅವನೇ, ಕೂಲಿಯೂ ಅವನೇ. ಚಳಿಗೆ ಬಾಗಿಲು ಹಾಕಿಕೊಳ್ಳುತ್ತಾನೆ, ನೆರೆಯವರಿಗೆ ಸದ್ದಾದೀತೆಂದು ಕಿಟಕಿಯನ್ನೂ ಮುಚ್ಚುತ್ತಾನೆ. ತಗಡಿನ ಗೋಡೆ ಸದ್ದನ್ನು ತಾನೂ ಗುಂಯ್‌ಗುಡಿಸುತ್ತದೆ. ನೆಲಕ್ಕೆ ಬಿದ್ದ ಸುರುಳಿ ಕಣ್ಣಿಗೆ ಕಾಣುತ್ತದೆ, ಗುಡಿಸುತ್ತಾನೆ. ಕಾಣದಷ್ಟು ನುಣ್ಣಗಿನದು ಗಾಳಿಯಲ್ಲೇ ತೇಲುತ್ತಿರುತ್ತದೆ. ಬಲ್ಲವರು ಹೊಟ್ಟು ಹೀರುವ ಯಂತ್ರವನ್ನು ಗೋಡೆಯ ಆಚೆಗೆ, ಪುಟ್ಟ ಮಾಡಿನಡಿ ಇಟ್ಟು ಕೊಳವೆಯನ್ನಷ್ಟೇ ಒಳಗೆ ತರುತ್ತಾರೆ.

ಇಷ್ಟೆಲ್ಲ ಇದ್ದೂ ಜನ ಆ ತಗಡಿನ ಕೋಣೆಯನ್ನು ಬಿಡಲೊಲ್ಲರು. ಆಸ್ಟ್ರೇಲಿಯಾದಲ್ಲಿ ಮಾರ್ಕ್ ಥಾಮ್ಸನ್ 1995ರಲ್ಲಿ ಗಂಡಸರ ಹಿತ್ತಲ ಶೆಡ್ಡುಗಳ ಬಗ್ಗೆಯೇ ಒಂದು ಪುಸ್ತಕ ತಂದರು. 1993ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಗೂಲ್ವಾದಲ್ಲಿ, 1998ರಲ್ಲಿ ವಿಕ್ಟೋರಿಯಾದ ಟೊಂಗಾಲಾದಲ್ಲಿ ಹತ್ತು ಜನ ಸೇರಿ ಬಳಸುವ ಸಾರ್ವಜನಿಕ ಶೆಡ್ಡುಗಳು ತೆರೆದವು. 2007ರಲ್ಲಿ ಅವಕ್ಕೆಲ್ಲ ರಾಷ್ಟ್ರಮಟ್ಟದ ಒಂದು ಸಂಘವೂ ಆಯಿತು. ಕೆಲಸದಿಂದ ನಿವೃತ್ತರಾದ, ಹೆಂಡತಿಯನ್ನು ಕಳೆದುಕೊಂಡ, ವೈದ್ಯರ ಮುಂದೆಯೂ ಬಾಯಿ ಬಿಡದ ಗಂಡಸರು ಅಲ್ಲಿಗೆ ಬಂದು ಆಟಿಕೆ ಕಡೆಯುತ್ತಾರೆ, ಕುರ್ಚಿ ರಿಪೇರಿ ಮಾಡುತ್ತಾರೆ. ಮುಖ ನೋಡಿಕೊಂಡು ಹೇಳಲಾಗದ ಮಾತು ಪಕ್ಕಪಕ್ಕ ನಿಂತು ಕೈಕೆಲಸ ಮಾಡುವಾಗ ತಾನಾಗಿ ಬರುತ್ತದೆ ಎಂಬ ತಿಳಿವಳಿಕೆಯ ಮೇಲೆ ಆ ಸಂಘ ನಡೆದಿದೆ. ಒಬ್ಬನೇ ಬಾಗಿಲು ಹಾಕಿಕೊಳ್ಳಲೆಂದು ಎದ್ದ ಗೋಡೆ ಹೀಗೆ ಇನ್ನೊಂದು ಉಪಯೋಗಕ್ಕೂ ಬಂತು. ಇತ್ತ ಇಂಗ್ಲೆಂಡಿನಲ್ಲಿ 1990ರಲ್ಲಿ ಗಳುವಿನ ಲೇತ್ ಪ್ರಿಯರ ಸಂಘವೊಂದು ಹುಟ್ಟಿತು. ಅವರು ಮತ್ತೆ ಕಾಡಿಗೇ ಹೋಗಿ, ಟಾರ್ಪಾಲಿನ ಅಡಿಯಲ್ಲಿ ಹಸಿಮರವನ್ನು ತುಳಿದು ಕಡೆಯುತ್ತಾರೆ. ಹೊಟ್ಟೆಪಾಡಿಗೆ ಮಾಡಬೇಕಿಲ್ಲದವರಿಗೆ ಮಾತ್ರ ಸಾಧ್ಯವಾಗುವ ಸುಖ ಅದು ಎಂಬುದನ್ನೂ ಹೇಳಬೇಕು.

ಚನ್ನಪಟ್ಟಣದಲ್ಲಿ ಇದು ಹೊಟ್ಟೆಪಾಡು. ಅಲ್ಲಿನ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬಿಲ್ಲಿನ ಲೇತ್ ಹೋಗಿ ಮೋಟರು ಬಂದಿದೆ, ಹೆಂಗಸರೂ ಉಳಿ ಹಿಡಿದಿದ್ದಾರೆ. ಬಿಲ್ಲನ್ನು ಎತ್ತಿ ಮೂಲೆಗಿಡಬಹುದಿತ್ತು, ಬೆಲ್ಟು ಬಿಗಿದ ಮೋಟರನ್ನು ಜಗಲಿಯಿಂದ ಎತ್ತಲಾಗದು. ಅದಕ್ಕೆ ಕರೆಂಟು ಬೇಕು, ಬೀಗ ಬೇಕು, ಮಳೆ ತಡೆಯುವ ಮಾಡು ಬೇಕು. ಹಾಗಾಗಿ ಕೆಲಸ ಒಳಗೆ ಸರಿದಿದೆ. ಹಾಲೆ ಮರವನ್ನು ಅಲ್ಲಿ ಒಣಗಿಸಿಯೇ ಕಡೆಯುತ್ತಾರೆ, ಏಕೆಂದರೆ ಹಸಿಮರಕ್ಕೆ ಅರಗು ಹಿಡಿಯುವುದಿಲ್ಲ. ಅರಗಿಗೆ ಮುಂಚೆ ಉಪ್ಪುಕಾಗದ ಆಡಲೇಬೇಕು. ಆಗ ಏಳುವ ಬಿಳಿ ಹೊಟ್ಟು ತಲೆಗೂದಲಿಗೂ ರೆಪ್ಪೆಗೂ ಕೂರುತ್ತದೆ, ಹಲವರು ಮೂಗಿಗೆ ಒಂದು ಬಟ್ಟೆ ಕಟ್ಟಿಕೊಂಡು ಕೆಲಸ ಮುಂದುವರಿಸುತ್ತಾರೆ.