ಮಳೆಗಾಲ ಮತ್ತು ಜಗಲಿಯ ಬೆಂಚು

ಶಿವಮೊಗ್ಗದ ಶಿವಪ್ಪನಾಯಕನ ಅರಮನೆಗೆ ಶಾಲೆಯ ಮಕ್ಕಳನ್ನು ಕರೆದೊಯ್ದಾಗಲೆಲ್ಲ ಅವರ ಕಣ್ಣು ಮೊದಲು ಬೀಳುವುದು ಅಲ್ಲಿನ ದಪ್ಪ ಮರದ ಕಂಬಗಳ ಮೇಲೆ. ಇಷ್ಟು ಮಳೆಯ ಸೀಮೆಯಲ್ಲಿ ಇವು ಹೇಗೆ ಉಳಿದವು ಎಂದು ಕೇಳುತ್ತಾರೆ. ಮರ ನೆನೆದರೆ ತೊಂದರೆಯಿಲ್ಲ, ನೆನೆದದ್ದು ಆರದಿದ್ದರೆ ಕೊಳೆಯುತ್ತದೆ. ಇದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಮಲೆನಾಡಿನ ಮನೆಗಳಲ್ಲಿ ಸೂರು ಮುಂದಕ್ಕೆ ಚಾಚಿರುತ್ತದೆ, ಕಂಬದ ಬುಡಕ್ಕೆ ಕಲ್ಲು ಇರುತ್ತದೆ.

ಜಗಲಿಯ ಬೆಂಚು, ಅಂಗಳದ ಕುರ್ಚಿಗಳಿಗೆ ಆ ಭಾಗ್ಯವಿಲ್ಲ. ಇರಚಲು ನೀರು, ಬಿಸಿಲು, ಗೆದ್ದಲು ಮೂರನ್ನೂ ಅವು ತಾಳಬೇಕು. ತೇಗಕ್ಕೆ ತನ್ನದೇ ಎಣ್ಣೆಯಂಶದ ರಕ್ಷಣೆಯಿದೆ. ಉಳಿದ ಮರಕ್ಕೆ ನಾವೇ ಕೊಡಬೇಕು. 16ನೇ ಶತಮಾನದಲ್ಲಿ ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ಗೇರು ತಂದರು. ಅದರ ಸಿಪ್ಪೆಯ ಎಣ್ಣೆ ಗೆದ್ದಲಿಗೆ ಮದ್ದಾಯಿತು. ಆದರೆ ಅದು ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಕೂರುವ ಹಲಗೆಗೆ ಸಲ್ಲದು.

ಇನ್ನೊಂದು ಕಥೆ ಭದ್ರಾವತಿಯದು. ಮೈಸೂರು ಸಂಸ್ಥಾನದಲ್ಲಿ ಅದಿರು ಇತ್ತು, ಕಲ್ಲಿದ್ದಲು ಇರಲಿಲ್ಲ. 1918ರಲ್ಲಿ ಕಟ್ಟಲು ತೊಡಗಿ 1923ರ ಜನವರಿಯಲ್ಲಿ ಕುಲುಮೆ ಹೊತ್ತಿಸಿದ ಕಬ್ಬಿಣದ ಕಾರ್ಖಾನೆಗೆ ನಮ್ಮ ಕಾಡಿನ ಸೌದೆಯೇ ಆಧಾರ. ಸೌದೆಯನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿದರೆ ಇದ್ದಿಲಾಗುತ್ತದೆ. ಜೊತೆಗೆ ಮರದ ಮದ್ಯಸಾರ, ಡಾಂಬರೂ ಇಳಿಯುತ್ತವೆ. ಇಂಥದೇ ಡಾಂಬರನ್ನು ಸ್ವೀಡನ್, ಫಿನ್‌ಲೆಂಡಿನವರು ಶತಮಾನಗಳ ಕಾಲ ಹಡಗುಗಳಿಗೆ ಬಳಿದು ಮರ ಕಾಪಾಡಿದರು. ಸುಟ್ಟ ಮರದ ರಸವೇ ಉಳಿದ ಮರಕ್ಕೆ ಕವಚ! ಭದ್ರಾವತಿಯಲ್ಲಿ 1952ರಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಸೌದೆಯ ಆ ಕಾಲ ಮುಗಿದು ದಶಕಗಳೇ ಕಳೆದಿವೆ. ಕಡಿದ ಕಾಡು ಮಾತ್ರ ಮೊದಲಿನಂತೆ ಮರಳಲಿಲ್ಲ.

ಈಗ ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಬೆಂಚನ್ನು ಸಾಬೂನು ನೀರಿನಲ್ಲಿ ಉಜ್ಜಿ ತೊಳೆದು ಎರಡು ಮೂರು ದಿನ ನೆರಳಲ್ಲಿ ಚೆನ್ನಾಗಿ ಆರಿಸಿ. ಉಪ್ಪುಕಾಗದವನ್ನು ಮರದ ಎಳೆಯ ಉದ್ದಕ್ಕೇ ಎಳೆಯಿರಿ. ಅಂಗಡಿಯಲ್ಲಿ ಮರಕ್ಕೆಂದೇ ಸಿಗುವ ಕುದಿಸಿದ ಅಗಸೆ ಎಣ್ಣೆಯನ್ನು ತೆಳ್ಳಗೆ ಬಳಿದು, ಕಾಲು ಗಂಟೆ ಬಿಟ್ಟು, ಒಣಬಟ್ಟೆಯಿಂದ ಒರೆಸಿ. ಒರೆಸದಿದ್ದರೆ ಅಂಟಾಗಿ ಬೂಷ್ಟು ಹಿಡಿಯುತ್ತದೆ. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳುವುದುಂಟು. ಹೊರಗೆ ಹರಡಿ ಒಣಗಿಸಿ. ಕಾಲುಗಳ ತುದಿಯೇ ಹೆಚ್ಚು ನೀರು ಹೀರುವ ಜಾಗ. ಅಲ್ಲಿಗೆ ಎರಡು ಸಲ ಎಣ್ಣೆ ಕೊಟ್ಟು, ಕೆಳಗೆ ಹೆಂಚಿನ ತುಂಡಿಡಿ. ಪ್ಲಾಸ್ಟಿಕ್ಕಿನಿಂದ ಬಿಗಿಯಾಗಿ ಮುಚ್ಚಿದರೆ ತೇವ ಒಳಗೇ ಕೂರುತ್ತದೆ, ಗಾಳಿಗೆ ದಾರಿಯಿರಲಿ.

ಒಂದು ತೇಗ ಬಲಿಯಲು ಐವತ್ತು ಅರವತ್ತು ವರ್ಷ ಬೇಕು. ಅಜ್ಜಿ ಅಡಿಕೆ ಸುಲಿಯುತ್ತಾ ಕೂತ ಹಲಗೆಗೆ ಸಮನಾದ ಮರ ಇಂದು ಡಿಪೋದಲ್ಲಿ ಸಿಕ್ಕರೂ ಕೊಳ್ಳುವ ಶಕ್ತಿ ನಮ್ಮಲ್ಲಿ ಎಷ್ಟು ಮಂದಿಗಿದೆ? ಇರುವುದನ್ನು ಉಳಿಸಿಕೊಂಡರೆ ಇನ್ನೊಂದು ಮರ ನಿಂತಲ್ಲೇ ನಿಲ್ಲುತ್ತದೆ. ಅದಕ್ಕಾಗಿ ವರ್ಷಕ್ಕೆ ಒಂದೆರಡು ಮಧ್ಯಾಹ್ನ ಕೊಡುವುದು ದೊಡ್ಡ ಮಾತಲ್ಲ.